ಎಡಿನ್‌ಬರ್ಗ್‌ಗೆ ಒಬ್ಬರೇ ಹೊರಟವರು ತಿಳಿದಿರಬೇಕಾದ್ದು

ಮಾನ್ಯರೆ,

ಬ್ರಿಟನ್‌ನಲ್ಲಿ ಓದುವ, ದುಡಿಯುವ ನಮ್ಮ ಹುಡುಗ ಹುಡುಗಿಯರು ಶನಿವಾರ, ಭಾನುವಾರದ ಬಿಡುವಿಗೆ ಒಬ್ಬೊಬ್ಬರೇ ಎಡಿನ್‌ಬರ್ಗ್‌ಗೆ ಹೋಗುವುದುಂಟು. ಅವರಿಗೆ ಪ್ರವಾಸದ ಪುಟಗಳಲ್ಲಿ ಸಿಗುವುದು ನೋಡತಕ್ಕ ಜಾಗಗಳ ಪಟ್ಟಿ ಮಾತ್ರ. ಈ ಊರನ್ನು ಅಂತಸ್ತುಗಳಲ್ಲಿ ಕಟ್ಟಿದ್ದಾರೆ, ನಕ್ಷೆಯಲ್ಲಿ ಅದು ಕಾಣುವುದಿಲ್ಲ ಎಂಬ ಮುಖ್ಯ ಸಂಗತಿಯನ್ನು ಯಾರೂ ಹೇಳುವುದಿಲ್ಲ.

ಸೌತ್ ಬ್ರಿಡ್ಜ್ ರಸ್ತೆಯನ್ನೇ ನೋಡಿ. 1788ರಲ್ಲಿ ಮುಗಿದ ಈ ಸೇತುವೆಗೆ 19 ಕಮಾನುಗಳಿವೆ. ಎರಡೂ ಬದಿಗೆ ಕಟ್ಟಡಗಳು ಒತ್ತಿಕೊಂಡು ನಿಂತಿರುವುದರಿಂದ ಕಣ್ಣಿಗೆ ಬೀಳುವುದು ಒಂದೇ ಕಮಾನು, ಅದರಡಿ ಕೌಗೇಟ್ ಬೀದಿ. ಮೇಲೆ ನಡೆಯುವವರಿಗೆ ಅಂಗಡಿ ಸಾಲು ಬಿಟ್ಟರೆ ಸೇತುವೆಯ ಸುಳಿವೇ ಇಲ್ಲ. ಮೊಬೈಲ್ ನಕ್ಷೆಯಲ್ಲಿ ಎರಡೂ ರಸ್ತೆ ಕೂಡಿದಂತೆ ಕಾಣುತ್ತವೆ. ಕೌಗೇಟ್ ವಿಳಾಸದ ಹಾಸ್ಟೆಲ್ ಹುಡುಕಿ ಮೇಲೆಯೇ ಸುತ್ತುವವರು ಇಂಥ ಕಡೆ ಅರ್ಧ ಗಂಟೆ ಕಳೆಯುತ್ತಾರೆ. ಕೋಣೆ ಕಾದಿರಿಸುವಾಗಲೇ ಅದು ಮೇಲಿನ ರಸ್ತೆಯೋ ಕೆಳಗಿನದೋ ನೋಡಿಕೊಳ್ಳಿ. ವೇವರ್ಲಿ ರೈಲು ನಿಲ್ದಾಣವೂ ತಗ್ಗಿನಲ್ಲಿದೆ. ಪ್ರಿನ್ಸಸ್ ಸ್ಟ್ರೀಟ್ ಕಡೆಗೆ ಎಸ್ಕಲೇಟರ್ ಉಂಟು. ಹಳೆ ಊರಿನ ಕಡೆಗೆ ಫ್ಲೆಶ್‌ಮಾರ್ಕೆಟ್ ಕ್ಲೋಸ್ ಎಂಬ ಓಣಿಯ ಕಡಿದಾದ ಮೆಟ್ಟಿಲು. ಗಾಲಿ ಪೆಟ್ಟಿಗೆ ಬೇಡ, ಬೆನ್ನುಚೀಲ ಸಾಕು.

ಸುತ್ತಾಟವನ್ನು ಮೇಲಿನಿಂದ ಕೆಳಕ್ಕೆ ಇಟ್ಟುಕೊಳ್ಳಿ. ಶನಿವಾರ ಮೊದಲು ಕೋಟೆ, ಆಮೇಲೆ ರಾಯಲ್ ಮೈಲ್ ಬೀದಿಯ ಉದ್ದಕ್ಕೂ ಹೋಲಿರೂಡ್ ಅರಮನೆಯವರೆಗೆ ಇಳಿಜಾರು. ಕೋಟೆಯನ್ನು ಭಾನುವಾರಕ್ಕೆ ಬಿಡಬೇಡಿ. 1861ರಿಂದ ಮಧ್ಯಾಹ್ನ ಒಂದಕ್ಕೆ ಹಾರಿಸುವ ತೋಪು ಭಾನುವಾರ ಹಾರುವುದಿಲ್ಲ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಕೊಳ್ಳಿ. ಹನ್ನೊಂದರ ಸುಮಾರಿನ ಪ್ರವೇಶ ಸಿಕ್ಕರೆ ಎಲ್ಲ ನೋಡಿ ತೋಪಿಗೂ ನಿಲ್ಲಬಹುದು. ಸ್ಕಾಟ್ ರಾಜರ ಪಟ್ಟಾಭಿಷೇಕದ ಶಿಲೆ ಕೋಟೆಯಲ್ಲಿದೆ ಎಂದು ಹಳೆಯ ಕೈಪಿಡಿಗಳು ಹೇಳುತ್ತವೆ. 2024ರಲ್ಲಿ ಅದನ್ನು ಪರ್ತ್ ಊರಿನ ವಸ್ತುಸಂಗ್ರಹಾಲಯಕ್ಕೆ ಒಯ್ದಿದ್ದಾರೆ.

ಕನ್ನಡಿಗರು ವಿಚಾರಿಸಲೇಬೇಕಾದ ಒಂದು ಭಾರಿ ತೈಲಚಿತ್ರವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ರಾತ್ರಿ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಟಿಪ್ಪುವಿನ ಶವವನ್ನು ಗುರುತಿಸುವ ದೃಶ್ಯ ಅದು. ಡೇವಿಡ್ ವಿಲ್ಕಿ ಅದನ್ನು ಬರೆದು ಮುಗಿಸಿದ್ದು 1839ರಲ್ಲಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿ, ಟಿಪ್ಪುವಿನ ಸೇನೆಗೆ ಸೆರೆಸಿಕ್ಕ ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂಧಿಯಾಗಿದ್ದವನು ಎಂಬುದನ್ನು ನೆನಪಿಟ್ಟು ನೋಡಬೇಕು. ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸ್ವತ್ತು. ಈಗ ಎಲ್ಲಿ ತೂಗುಹಾಕಿದ್ದಾರೆಂದು ಅವರ ಜಾಲತಾಣದಲ್ಲಿ ನೋಡಿಕೊಂಡು ಹೊರಡಿ.

ಭಾನುವಾರ ಆರ್ಥರ್ಸ್ ಸೀಟ್ ಗುಡ್ಡ. 251 ಮೀಟರ್ ಎತ್ತರ ಎಂದು ಹಗುರವಾಗಿ ಎಣಿಸಬೇಡಿ. ತುದಿಯ ಬಂಡೆ ಜನರ ಕಾಲು ತಗುಲಿ ತಗುಲಿ ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಹಿಡಿತವಿರುವ ಶೂ ಬೇಕು. ಅಲ್ಲಿನ ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ಟೋಪಿಯಿರುವ ಮಳೆ ಅಂಗಿಯೇ ಸರಿ. ಬಂಡೆ ಕುಸಿದು 2018ರಲ್ಲಿ ಮುಚ್ಚಿದ ರ‍್ಯಾಡಿಕಲ್ ರೋಡ್ ಹಾದಿಯಲ್ಲಿ ಬೇಲಿ ದಾಟಿ ನುಗ್ಗಬೇಡಿ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಒಂಟಿಯಾಗಿ ಹೋದವರು ಮೂರರೊಳಗೆ ಕೆಳಗಿರಬೇಕು. ಮಳೆ ಜೋರಾದರೆ ಗುಡ್ಡ ಕೈಬಿಟ್ಟು ಚೇಂಬರ್ಸ್ ಸ್ಟ್ರೀಟ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ಪ್ರವೇಶ ಉಚಿತ.

ಹ್ಯಾಗಿಸ್ ಎಂಬುದು ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟಿಷ್ ಖಾದ್ಯ; ಸಸ್ಯಾಹಾರಿಗಳಿಗೆ ಓಟ್ಸ್, ಬೇಳೆಕಾಳು ಹಾಕಿದ ಹ್ಯಾಗಿಸ್ ಹಲವು ಕಡೆ ಸಿಗುತ್ತದೆ. ಎಚ್ಚರ ಬೇಕಾದ್ದು ಬೇಳೆ ಸೂಪಿನಲ್ಲಿ: ಅದನ್ನು ಹಂದಿಮಾಂಸದ ರಸದಲ್ಲಿ ಕುದಿಸುವ ರೂಢಿಯಿದೆ, ಕೇಳಿಯೇ ತರಿಸಿಕೊಳ್ಳಿ.

ಆಗಸ್ಟ್‌ನಲ್ಲಿ ನಾಟಕ, ಕಲೆಗಳ ಉತ್ಸವಗಳ ಜಾತ್ರೆ, ಕೋಣೆ ಬಾಡಿಗೆ ವಿಪರೀತ. ರಂಗಭೂಮಿಯ ಆಸಕ್ತಿಯಿಲ್ಲದವರು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳುವುದು ಮೇಲು. 2026ರ ಜುಲೈ 24ರಿಂದ ತಂಗುವ ಬಾಡಿಗೆಯ ಮೇಲೆ ಶೇ 5ರಷ್ಟು ಪ್ರವಾಸಿ ಸುಂಕವೂ ಸೇರುತ್ತದೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ರೈಲು ಸುಮಾರು ನಾಲ್ಕೂವರೆ ಗಂಟೆ. ಅಗ್ಗದ ಮುಂಗಡ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಊರೊಳಗಿನ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ, ಕಾರ್ಡ್ ತೋರಿಸಿದರೆ ಆಯಿತು. ಟ್ರಾಮ್‌ಗೆ ಮಾತ್ರ ಹತ್ತುವ ಮುನ್ನವೇ ಟಿಕೆಟ್ ಆಗಿರಬೇಕು. ಸ್ಕಾಟಿಷ್ ಬ್ಯಾಂಕುಗಳ ನೋಟು ಕೈಗೆ ಬಂದರೆ ಅಲ್ಲೇ ಖರ್ಚು ಮಾಡಿ, ಇಂಗ್ಲೆಂಡಿನ ಕೆಲವು ಅಂಗಡಿಗಳಲ್ಲಿ ಅವನ್ನು ತೆಗೆದುಕೊಳ್ಳುವುದಿಲ್ಲ.

– ಸ್ಕಾಟ್ಲೆಂಡಿನಲ್ಲಿರುವ ಒಬ್ಬ ಓದುಗ