ಹಕ್ಕಿಯ ನೆಪ ಬೇಡ, ಅಮ್ಮ ಬರಲಿ

ಸಿಡ್ನಿ
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ.

ನಿಮ್ಮ ಪತ್ರ ಗುರುವಾರ ತಲುಪಿತು. ಒಂದೂವರೆ ಪುಟ ಅಡಿಕೆ ದರ, ಕೊಳೆರೋಗ, ಮಂಜಣ್ಣನ ಮಗನ ಉಪನಯನ. ಕೊನೆಯ ಎರಡೇ ಸಾಲಿನಲ್ಲಿ, ಅಮ್ಮನಿಗೆ ರಾತ್ರಿ ಸ್ವಲ್ಪ ಕೆಮ್ಮು, ಪುಟ್ಟಿಗೆಂದು ನಿಮ್ಮ ಮನೆಗೆ ಸಾಕುಹಕ್ಕಿ ಬರುವುದಾದರೆ ತಾನು ಅಕ್ಟೋಬರಿನಲ್ಲಿ ಸಿಡ್ನಿಗೆ ಬರುವುದಿಲ್ಲ, ಮಗುವಿನ ಆಸೆ ಕೆಡಿಸಬಾರದು ಎನ್ನುತ್ತಾಳೆ ಎಂದು ಬರೆದು ಮುಗಿಸಿದ್ದೀರಿ. ಅಪ್ಪ, ನಿಮ್ಮ 'ಸ್ವಲ್ಪ' ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಸಂಕದಿಂದ ಬಿದ್ದು ಕಾಲು ಮುರಿದುಕೊಂಡಾಗಲೂ ಸ್ವಲ್ಪ ಜಾರಿತು ಎಂದೇ ಬರೆದವರು ನೀವು.

ಹಕ್ಕಿ ಇನ್ನೂ ಬಂದಿಲ್ಲ, ಯಾವ ಹಕ್ಕಿ ಎಂಬುದೂ ತೀರ್ಮಾನವಾಗಿಲ್ಲ. ಪುಟ್ಟಿಗೆ ಕಾಕಟೀಲ್ ಬೇಕು, ಇವರಿಗೆ ಗಿಳಿ ಬೇಕು. ಗಿಳಿ ಎಂದರೆ ನಮ್ಮ ಪೇರಲೆ ಮರಕ್ಕೆ ಬಂದು ಅರ್ಧ ಕಚ್ಚಿ ಬಿಸಾಡಿ ಹೋಗುತ್ತದಲ್ಲ, ಕೊರಳಲ್ಲಿ ಕೆಂಪು ಪಟ್ಟಿಯದು, ಅದೇ. ಇಲ್ಲಿ ಅದಕ್ಕೆ 'ಇಂಡಿಯನ್ ರಿಂಗ್‌ನೆಕ್' ಎಂಬ ಗತ್ತಿನ ಹೆಸರು. ಹಸಿರು ಸಾಲದೆಂದು ನೀಲಿ, ಹಳದಿ ಬಣ್ಣದವನ್ನೂ ಸಾಕುತ್ತಾರೆ. ಕಾಕಟೀಲ್ ಈ ದೇಶದ ಒಳನಾಡಿನಲ್ಲಿ ಹಿಂಡುಗಟ್ಟಿ ಹಾರಾಡುವ ಹಕ್ಕಿ. ಅದು ಬೆಂಗಳೂರಿನ ಅಂಗಡಿಗಳಲ್ಲಿ ವಿದೇಶಿ ಎಂದು ಮಾರಾಟವಾಗುತ್ತದೆ, ನಮ್ಮ ಗಿಳಿ ಇಲ್ಲಿ ವಿದೇಶಿ.

ಅಂದ ಹಾಗೆ, ನಾಗರಾಜ ಚಿಕ್ಕಪ್ಪ ಪುಟ್ಟಿಗೆಂದು ಊರಿನಲ್ಲೇ ಒಂದು ಗಿಳಿಮರಿ ಹಿಡಿಸಿಡುತ್ತೇನೆ ಎಂದಿದ್ದಾರಂತೆ. ದಯವಿಟ್ಟು ಬೇಡ ಎನ್ನಿ. ಇಲ್ಲಿ ಸಾಕುವುದಕ್ಕೆ ಅಡ್ಡಿಯಿಲ್ಲ, ಆದರೆ ನಮ್ಮಲ್ಲಿ ಅದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಯವರು ಬಾಗಿಲಿಗೆ ಬಂದರೆ ಚಿಕ್ಕಪ್ಪನ ಪಂಚಾಯಿತಿ ಸದಸ್ಯತ್ವ ಕೆಲಸಕ್ಕೆ ಬರುವುದಿಲ್ಲ.

ಈ ಊರಿನ ಗಿಳಿಗಳ ಕಥೆಯೇ ಬೇರೆ. ಸಿಡ್ನಿಯ ದಕ್ಷಿಣದ ಬಡಾವಣೆಗಳಲ್ಲಿ ಬಿಳಿ ಕಾಕಟೂಗಳು ಬೀದಿಯ ಕಸದ ತೊಟ್ಟಿಯ ಮುಚ್ಚಳ ಎತ್ತಲು ಕಲಿತಿವೆ. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರೆ ಅದನ್ನೂ ತಳ್ಳಿ ಬೀಳಿಸುತ್ತವೆ. ಇದರ ಮೇಲೆ ವಿಜ್ಞಾನಿಗಳು ಸಂಶೋಧನೆ ಮಾಡಿ 2021ರಲ್ಲಿ ಲೇಖನವನ್ನೇ ಪ್ರಕಟಿಸಿದರು. ನಮ್ಮ ತೋಟದ ಮಂಗಗಳ ಮೇಲೆ ಯಾರಾದರೂ ಬರೆದಿದ್ದಾರೆಯೇ?

ಇರಲಿ. ಕಳೆದ ತಿಂಗಳು ಸಹೋದ್ಯೋಗಿಯೊಬ್ಬಳ ಮನೆಗೆ ಕಾಕಟೀಲ್ ನೋಡಲು ಹೋಗಿದ್ದೆವು. ಬೂದು ಮೈ, ಅರಿಶಿನ ಮೆತ್ತಿದಂಥ ಮುಖ, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು, ನೆತ್ತಿಯ ಮೇಲೊಂದು ಜುಟ್ಟು. ಬೆಚ್ಚಿದರೆ ಜುಟ್ಟು ನೆಟ್ಟಗೆ, ಸಿಟ್ಟು ಬಂದರೆ ತಲೆಗೆ ಅಂಟಿಕೊಳ್ಳುತ್ತದೆ. ತೂಕ 100 ಗ್ರಾಂ ಕೂಡ ಇಲ್ಲವೇನೋ. ಬಂದು ನನ್ನ ಭುಜದ ಮೇಲೆ ಕುಳಿತು ಸಿಳ್ಳೆ ಹಾಕಿತು. ಪುಟ್ಟಿ ಅಲ್ಲಿಯೇ ಸೋತುಹೋದಳು. ಮಾತು ಅಷ್ಟಾಗಿ ಬರುವುದಿಲ್ಲ, ಗಂಡು ಹಕ್ಕಿ ಸಿಳ್ಳೆಯಲ್ಲಿ ರಾಗ ಕಲಿಯುತ್ತದೆ. ಕಚ್ಚುವುದು ಕಡಿಮೆ, ಮಕ್ಕಳಿರುವ ಮನೆಗೆ ಒಳ್ಳೆಯದು. ಗಿಳಿಯಾದರೆ ಒಂದು ವರ್ಷ ತುಂಬುವುದರೊಳಗೆ ಹದಿಹರೆಯದ ಹುಚ್ಚು ಹಿಡಿದು, ಕೈ ಹತ್ತಿರ ತಂದವರನ್ನೆಲ್ಲ ಕಚ್ಚುತ್ತದಂತೆ. ಜೊತೆಗೆ 25–30 ವರ್ಷ ಬದುಕುತ್ತದೆ. ಪುಟ್ಟಿಗೆ ಈಗ ಒಂಬತ್ತು. ಅವಳು ಓದು, ಮದುವೆ ಎಂದು ಹೊರಟ ಮೇಲೆ ಅದು ಯಾರ ಕುತ್ತಿಗೆಗೆ ಎಂದು ಹೇಳಬೇಕಾಗಿಲ್ಲ.

ಕಾಕಟೀಲ್ ಎಂದೇ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಹಕ್ಕಿ ಮೈ ಕೊಡವಿತು. ನೀಲಿ ಸ್ವೆಟರಿನ ಭುಜದ ಮೇಲೆ ಮೇಷ್ಟ್ರು ಡಸ್ಟರ್ ತಟ್ಟಿದ ಹಾಗೆ ಬಿಳಿ ಹುಡಿ. ಎಲ್ಲ ಹಕ್ಕಿಗಳ ಗರಿಯಿಂದಲೂ ಒಂದಿಷ್ಟು ಹುಡಿ ಉದುರುತ್ತದೆ, ಆದರೆ ಕಾಕಟೀಲ್ ಸೇರಿದ ಕಾಕಟೂ ಜಾತಿಯಲ್ಲಿ ಅದು ಬಹಳ. ಸಹೋದ್ಯೋಗಿ ಟಿವಿಯ ಮೇಲೆ ಬೆರಳು ಎಳೆದು ತೋರಿಸಿದಳು, ಹಿಂದಿನ ದಿನವಷ್ಟೇ ಒರೆಸಿದ್ದಳಂತೆ. ಅಮ್ಮನಂತೆ ದಮ್ಮು ಇರುವವರಿಗೆ ಇದು ಆಗಿಬರುವುದಿಲ್ಲ. ಫೋನಿನಲ್ಲಿ ನಾನು ಇದನ್ನು ಹೇಳಿದ್ದೇ ತಪ್ಪಾಯಿತು, ಅಮ್ಮನಿಗೆ ಬರದೇ ಇರಲು ನೆಪ ಸಿಕ್ಕಿತು.

ಅಪ್ಪ, ಮುಂದಿನ ಎರಡು ಪ್ಯಾರಾ ಅಮ್ಮನಿಗೆ ಓದಬೇಡಿ.

ಹುಡಿ ಕಡಿಮೆ ಎಂದು ಕಳೆದ ಶನಿವಾರ ಗಿಳಿ ನೋಡಲು ಹೋದೆವು. ಮರಿ ಮಾಡಿಸಿ ಮಾರುವವರ ಮನೆ. ನಾವು ಹಜಾರದಲ್ಲಿ ನಿಂತಿದ್ದಾಗ ಹಿಂದಿನ ಕೋಣೆಯಲ್ಲಿ ಯಾರೋ ವಯಸ್ಸಾದವರು ಕೆಮ್ಮಿದರು. ಎರಡು ಒಣ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಹೋಗಿ ನೋಡಿದರೆ ನೀಲಿ ಗಿಳಿ. "ನಮ್ಮ ತಂದೆಯ ಕೆಮ್ಮು ಅದು. ಅವರು ಹೋಗಿ ಎರಡು ವರ್ಷವಾಯಿತು" ಎಂದು ಆತ ನಗುತ್ತಲೇ ಹೇಳಿದ. ಗಿಳಿ ಇನ್ನೊಮ್ಮೆ ಕೆಮ್ಮಿತು. ವಾಪಸು ಬರುವಾಗ ಇವರು ಪಂಜರದ ಅಳತೆ, ಬೆಲೆ ಲೆಕ್ಕ ಹಾಕುತ್ತಿದ್ದರು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಆ ಹಕ್ಕಿ ನನ್ನ ಮನೆಗೆ ಬೇಡ. ಏಕೆ ಎಂದು ಇವರಿಗೂ ಹೇಳಿಲ್ಲ.

ಈ ವಾರವೇ ಅಮ್ಮನನ್ನು ಶಿವಮೊಗ್ಗಕ್ಕೆ, ಎದೆರೋಗದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೊಳವೆಗೆ ಊದಿಸಿ ನೋಡುವ ಪರೀಕ್ಷೆ ಮಾಡಿಸಿ. ಬಚ್ಚಲ ಒಲೆ ಊದುವುದು, ಅಡಿಕೆ ಸುಲಿಯುವಾಗಿನ ದೂಳು, ಎಲ್ಲವನ್ನೂ ಹೇಳಿ. ವೈದ್ಯರು ದಿನಾ ತೆಗೆದುಕೊಳ್ಳಲು ಕೊಟ್ಟ ಇನ್‌ಹೇಲರ್ ಉಸಿರು ಸರಿ ಇದ್ದ ದಿನವೂ ಬೇಕು. "ಅಭ್ಯಾಸವಾಗಿಬಿಡುತ್ತದೆ" ಎಂದು ಅವಳು ಅದನ್ನು ದೇವರ ಪೆಟ್ಟಿಗೆಯ ಹಿಂದೆ ಇಟ್ಟಿರುತ್ತಾಳೆ, ಹುಡುಕಿ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಖರ್ಚಿನ ಯೋಚನೆ ಬೇಡ, ನಾಳೆಯೇ ಹಣ ಹಾಕುತ್ತೇನೆ. ವರದಿಯ ಫೋಟೊ ತೆಗೆದು ಕಳಿಸಿ, 'ಸ್ವಲ್ಪ' ಎಂದು ಬರೆಯಬೇಡಿ.

ಇಲ್ಲಿಂದ ಅಮ್ಮನಿಗೆ ಓದಿ.

ಅಮ್ಮ, ನೀನು ಅಕ್ಟೋಬರಿನಲ್ಲಿ ಬರುವ ಹೊತ್ತಿಗೆ ಮನೆಯಲ್ಲಿ ಹಕ್ಕಿ ಇಲ್ಲ, ಪಂಜರ ಇಲ್ಲ, ಒಂದು ಗರಿಯೂ ಇಲ್ಲ. ನೀನು ಊರಿಗೆ ಮರಳಿದ ಮೇಲೆ ಪುಟ್ಟಿಗೆ ಕಾಕಟೀಲ್. ಅವಳು ಒಪ್ಪಿದ್ದಾಳೆ, ಅತ್ತಿಲ್ಲ. ಹೆಸರು ಅಜ್ಜಿಯೇ ಇಡಬೇಕು ಎಂಬುದೊಂದೇ ಅವಳ ಷರತ್ತು. ಆದ್ದರಿಂದ ಮಗುವಿನ ಆಸೆ ಕೆಡುವುದು ನೀನು ಬಂದರೆ ಅಲ್ಲ, ಬರದಿದ್ದರೆ.

ಇನ್ನೊಂದು ಕೆಲಸ ನಿನ್ನಿಂದಲೇ ಆಗಬೇಕು. ನನ್ನ ಹತ್ತಿರ ಇರುವುದೆಲ್ಲ ನಾನ್‌ಸ್ಟಿಕ್ ತವಾ. ಅದು ಮಿತಿಮೀರಿ ಕಾದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ಅಷ್ಟು ಸೂಕ್ಷ್ಮ ಅದರ ಶ್ವಾಸಕೋಶ. ಅಗರಬತ್ತಿಯ ಹೊಗೆಯೂ ಆಗದು. ಹಿತ್ತಿಲ ಅಟ್ಟದಲ್ಲಿರುವ ಅಜ್ಜಿಯ ಕಬ್ಬಿಣದ ಕಾವಲಿ ತಂದುಕೊಡು. ಅದನ್ನು ಪಳಗಿಸಿ, ದೋಸೆ ಏಳುವ ಹಾಗೆ ಮಾಡಿಕೊಡುವುದು ನನಗೆ ಬರುವುದಿಲ್ಲ, ಇವರಿಗಂತೂ ಬರುವುದೇ ಇಲ್ಲ. ಕಾವಲಿ ಪೆಟ್ಟಿಗೆಯಲ್ಲಿ, ಇನ್‌ಹೇಲರ್ ಕೈಚೀಲದಲ್ಲಿ. ಉಪ್ಪಿನಕಾಯಿ, ಸಾರಿನ ಪುಡಿ ತಂದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆ, ಬಚ್ಚಿಟ್ಟರೆ ಇಲ್ಲಿ ದೊಡ್ಡ ದಂಡ.

ಇಲ್ಲಿ ಚಳಿ ಇದೆ, ಆದರೆ ನಿನಗೆ ಏನೂ ಆಗುವುದಿಲ್ಲ. ಆಸ್ಪತ್ರೆ ಹತ್ತಿರದಲ್ಲೇ ಇದೆ, ವಿಮೆ ಮಾಡಿಸುತ್ತೇನೆ, ನಿನ್ನ ಕೋಣೆಗೆ ಬಿಸಿಲು ಬರುತ್ತದೆ, ನಾನು ರಜೆ ಹಾಕುತ್ತೇನೆ. ಸ್ವಲ್ಪವೂ ಯೋಚನೆ ಮಾಡಬೇಡ.

ಕುಕ್ಕರ್ ಮೂರನೆಯ ಸೀಟಿ ಹಾಕಿತು, ಪುಟ್ಟಿಯ ಯೂನಿಫಾರ್ಮ್ ಇಸ್ತ್ರಿಯಾಗಿಲ್ಲ. ಉಳಿದದ್ದು ಫೋನಿನಲ್ಲಿ. ಶ್ಯಾಮಲತ್ತೆಗೆ ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ ಮಗಳು,
ಸುಮಾ

ಅಪ್ಪ, ವೈದ್ಯರ ಹತ್ತಿರ ಹೋಗುವುದು ಈ ವಾರ. ಸಂಕಷ್ಟಿ, ಅಮಾವಾಸ್ಯೆ ಎಂದು ಮುಂದಕ್ಕೆ ಹಾಕಬೇಡಿ.