ಹಿಂಡು ಕಾಯುವ ನಾಯಿಗೆ ಮನೆಯಲ್ಲಿ ಕೆಲಸವೇನು?

ಮಾನ್ಯ ಸಂಪಾದಕರೇ,

ಮಕ್ಕಳಿರುವ ಮನೆಗೆ ಒಪ್ಪುವ ನಾಯಿ ತಳಿಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವು ಕುರಿಹಿಂಡು ಕಾಯುವ ಬಾರ್ಡರ್ ಕೋಲಿಗೆ ಮೊದಲ ಸ್ಥಾನ ಕೊಟ್ಟು, ಅದು ನಾಯಿಗಳಲ್ಲೇ ಅತ್ಯಂತ ಬುದ್ಧಿವಂತ ತಳಿ, ಹಾಗಾಗಿ ಅದಕ್ಕೆ ಕಲಿಸುವುದು ಸುಲಭ, ಸಾಕುವುದೂ ಸುಲಭ ಎಂದು ಹೇಳಿದೆ. ಬುದ್ಧಿವಂತಿಕೆಯ ಮಾತಿಗೆ ನನ್ನ ತಕರಾರಿಲ್ಲ. ಆದರೆ ಸಾಕುವುದು ಸುಲಭ ಎಂಬ ಮಾತನ್ನು ಪಶುವೈದ್ಯನಾಗಿ ನಾನು ಒಪ್ಪಲಾರೆ. ಇಂಥ ಪಟ್ಟಿಗಳನ್ನು ನಂಬಿ ಮರಿ ತಂದವರು, ಅದು ಬೆಳೆದು ಒಂದು ವರ್ಷ ತುಂಬುವ ಹೊತ್ತಿಗೆ ಬೇಸತ್ತು, ಯಾರಾದರೂ ಒಳ್ಳೆಯವರಿದ್ದರೆ ಕೊಟ್ಟುಬಿಡುತ್ತೇವೆ ಎಂದು ಕೇಳಿಕೊಂಡು ಬರುವುದನ್ನು ಹಲವು ಬಾರಿ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕುರಿ, ದನಗಳ ಹಿಂಡನ್ನು ಅಟ್ಟುವ ನಾಯಿಯ ಕೆಲಸ ನೋಡುವವರಿಗೆ ಸೇವೆಯಂತೆ ಕಂಡರೂ ಅದರ ಬೇರು ಬೇಟೆಯಲ್ಲಿದೆ. ತೋಳವು ಬೇಟೆಯನ್ನು ಗುರುತಿಸಿ, ದಿಟ್ಟಿಸಿ, ಹೊಂಚುಹಾಕಿ, ಅಟ್ಟಿಸಿಕೊಂಡು ಹೋಗಿ, ಕಚ್ಚಿ ಹಿಡಿದು ಕೊಲ್ಲುತ್ತದೆ. ಮನುಷ್ಯ ಈ ಸರಣಿಯ ಮೊದಲ ಭಾಗವನ್ನು ತಲೆಮಾರುಗಳ ಆಯ್ಕೆಯಿಂದ ಬೆಳೆಸಿ, ಹಿಡಿಯುವ ಮತ್ತು ಕೊಲ್ಲುವ ಕೊನೆಯ ಭಾಗವನ್ನು ಅಡಗಿಸಿದ್ದರಿಂದ ಈ ನಾಯಿಗಳು ರೂಪುಗೊಂಡವು. ದಿಟ್ಟಿಸುವುದು, ಹೊಂಚುಹಾಕುವುದು, ಅಟ್ಟುವುದು ಅವುಗಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ತರಬೇತಿಯ ಪಾಲು ಇರುವುದು ಯಾವಾಗ ಶುರುಮಾಡಬೇಕು, ಯಾವ ಕಡೆಯಿಂದ ಸುತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕಲಿಸುವುದರಲ್ಲಿ ಮಾತ್ರ. ಹಿಂಡಿಲ್ಲದ ಮನೆಯಲ್ಲಿ ಬೆಳೆದರೂ ಈ ಸ್ವಭಾವ ಒಣಗಿಹೋಗುವುದಿಲ್ಲ. ಅದು ಕಣ್ಣೆದುರು ಚಲಿಸುವ ಬೇರೆ ಏನನ್ನಾದರೂ ಹುಡುಕಿಕೊಳ್ಳುತ್ತದೆ.

ಸಾಮಾನ್ಯವಾಗಿ ಅದು ಹುಡುಕಿಕೊಳ್ಳುವುದು ಓಡುವ ಮಗುವನ್ನು. ಮಕ್ಕಳು ಕಿರುಚುತ್ತಾ ಓಡಾಡತೊಡಗಿದಾಗ ನಾಯಿ ಎದೆಯನ್ನು ನೆಲಕ್ಕೆ ತಗ್ಗಿಸಿ, ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಕೆಳಗಿಳಿಸಿ, ಬಾಲವನ್ನು ಕಾಲುಗಳ ನಡುವೆ ತೂಗಬಿಟ್ಟು, ಕಣ್ಣು ಮಿಟುಕಿಸದೆ ಒಂದು ಕ್ಷಣ ನಿಲ್ಲುತ್ತದೆ. ಅನಂತರ ಅಗಲವಾಗಿ ಸುತ್ತು ಹಾಕಿ ಎದುರಿನಿಂದ ಅಡ್ಡಗಟ್ಟುತ್ತದೆ. ಆದರೂ ಮಗು ನಿಲ್ಲದಿದ್ದರೆ ಹಿಮ್ಮಡಿಯ ಮೇಲ್ಭಾಗಕ್ಕೋ ಪ್ಯಾಂಟಿನ ಅಂಚಿಗೋ ಮುಂಭಾಗದ ಹಲ್ಲುಗಳಿಂದ ಚಿವುಟುತ್ತದೆ. ರಕ್ತ ಬರುವುದು ಅಪರೂಪ, ಆದರೆ ಚರ್ಮ ಕೆಂಪಾಗುತ್ತದೆ, ಮಗು ಹೆದರುತ್ತದೆ, ಹೆತ್ತವರು ನಾಯಿ ಕಚ್ಚಿತು ಎಂದು ಗಾಬರಿಗೊಳ್ಳುತ್ತಾರೆ. ಈ ನಡವಳಿಕೆಯಲ್ಲಿ ಸಿಟ್ಟಿಲ್ಲ: ಗುರುಗುಟ್ಟುವುದಿಲ್ಲ, ಹಲ್ಲು ಕಿರಿಯುವುದಿಲ್ಲ, ಮಗು ನಿಂತೊಡನೆ ನಾಯಿಯೂ ನಿಲ್ಲುತ್ತದೆ. ಹಾಗೆಂದು ಇದನ್ನು ಆಟವೆಂದು ಬಿಡುವುದೂ ಸರಿಯಲ್ಲ. ಪ್ರತಿ ಸಲ ಮಗು ಓಡಿದಾಗಲೂ ನಾಯಿಗೆ ಅಭ್ಯಾಸ ಗಟ್ಟಿಯಾಗುತ್ತದೆ, ಹೊಡೆದು ಬಿಡಿಸಲು ಹೋದರೆ ಮಕ್ಕಳ ಬಗ್ಗೆಯೇ ಭಯ ಹುಟ್ಟಿ ಆಗ ನಿಜವಾದ ಕಡಿತಕ್ಕೆ ದಾರಿಯಾಗುತ್ತದೆ. ದೊಡ್ಡವರೊಬ್ಬರು ಎದುರಿನಲ್ಲೇ ಇದ್ದು, ಮಕ್ಕಳ ಓಟ ಶುರುವಾಗುವ ಮುನ್ನ ನಾಯಿಯನ್ನು ಹತ್ತಿರ ಕರೆದು, ಮಲಗಿರಲು ಕಲಿಸಿ, ಮಲಗಿದ್ದಕ್ಕೆ ಬಹುಮಾನ ಕೊಡುವುದೊಂದೇ ನಾನು ಕಂಡ ಉಪಾಯ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ನಾಯಿಯನ್ನೂ ಓಡುವ ಮಕ್ಕಳನ್ನೂ ಬೇರೆ ಬೇರೆ ಕಡೆ ಇಡಬೇಕು.

ಬಾರ್ಡರ್ ಕೋಲಿಯ ಚರಿತ್ರೆಯನ್ನು ಸ್ವಲ್ಪ ನೋಡಿದರೂ ಅದನ್ನು ಯಾವುದಕ್ಕಾಗಿ ಬೆಳೆಸಿದರು ಎಂಬುದು ಸ್ಪಷ್ಟವಾಗುತ್ತದೆ. ವೇಲ್ಸ್‌ನ ಬಾಲಾದಲ್ಲಿ 1873ರಲ್ಲಿ ಕುರಿನಾಯಿಗಳ ಸ್ಪರ್ಧೆ ನಡೆಯಿತು. ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡಿನಲ್ಲಿ ಆಡಂ ಟೆಲ್ಫರ್ ಎಂಬುವರ ಬಳಿ 1893ರಲ್ಲಿ ಹುಟ್ಟಿದ ಹೆಂಪ್ ಎಂಬ ಗಂಡು ನಾಯಿ, ಬೊಗಳದೆ, ಗದ್ದಲವಿಲ್ಲದೆ, ಕೇವಲ ನೋಟದಿಂದ ಕುರಿಗಳನ್ನು ನಡೆಸುವುದರಲ್ಲಿ ಹೆಸರು ಮಾಡಿತು. ಇಂದಿನ ಹೆಚ್ಚುಕಡಿಮೆ ಎಲ್ಲ ಬಾರ್ಡರ್ ಕೋಲಿಗಳ ವಂಶವೃಕ್ಷವೂ ಅದರಲ್ಲಿಗೆ ಹೋಗಿ ಮುಟ್ಟುತ್ತದೆ. 1906ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕುರಿನಾಯಿ ಸಂಘಕ್ಕೆ ಮುಖ್ಯವಾಗಿದ್ದುದು ನಾಯಿಯ ರೂಪವಲ್ಲ, ಅದರ ಕೆಲಸ. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ 1995ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟಾಗ, ಪ್ರದರ್ಶನದ ಸೌಂದರ್ಯಕ್ಕಾಗಿ ಬೆಳೆಸಿದರೆ ನಾಯಿಯ ಕಸುಬು ಕೆಡುತ್ತದೆಂದು ಕೆಲಸದ ನಾಯಿಗಳ ಸಾಕಣೆದಾರರು ಬಲವಾಗಿ ವಿರೋಧಿಸಿದರು. ಬೆಟ್ಟದ ಮೇಲೆ ದಿನವಿಡೀ ಓಡಿ, ಒಡೆಯನ ಶಿಳ್ಳೆಗೆ ದೂರದಿಂದಲೇ ತಿರುಗಿಕೊಳ್ಳುವ ಜೀವಕ್ಕಾಗಿ ನಡೆದ ಆಯ್ಕೆ ಇದು. ಊಟದ ನಂತರ ಸೋಫಾದ ಪಕ್ಕ ಮಲಗುವ ಗುಣವನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸಿರಲಿಲ್ಲ.

ಬುದ್ಧಿವಂತಿಕೆಯ ವಿಷಯಕ್ಕೆ ಬರೋಣ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರುಗಳನ್ನು ಕಲಿತು, ಹೆಸರು ಹೇಳಿದರೆ ಅದನ್ನೇ ಎತ್ತಿ ತರುತ್ತಿದ್ದುದು 2011ರಲ್ಲಿ ಪ್ರಕಟವಾದ ಅಧ್ಯಯನದಿಂದ ಲೋಕಪ್ರಸಿದ್ಧವಾಯಿತು. ನಿಮ್ಮ ಲೇಖನವೂ ಅದನ್ನು ಉಲ್ಲೇಖಿಸಿದೆ. ಆದರೆ ಚೇಸರ್‌ಗೆ ಕಲಿಸಿದ ಜಾನ್ ಪಿಲ್ಲಿಯವರು ನಿವೃತ್ತ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದರು, ಮೂರು ವರ್ಷ ಕಾಲ ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕಳೆದಿದ್ದರು ಎಂಬ ಅಂಶವನ್ನು ಬಿಟ್ಟಿದೆ. ಬೆಳಗ್ಗೆ ಹೊರಟು ಸಂಜೆ ಮರಳುವ ಗಂಡಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇರುವ ಮನೆಯಲ್ಲಿ ಆ ಸಮಯ ಯಾರ ಬಳಿ ಇದೆ? ಚುರುಕಾದ ನಾಯಿ ನಾವು ಕಲಿಸಿದ್ದನ್ನಷ್ಟೇ ಕಲಿಯುವುದಿಲ್ಲ, ಕಲಿಸದೇ ಇದ್ದದ್ದನ್ನೂ ಕಲಿಯುತ್ತದೆ: ಬಾಗಿಲ ಚಿಲಕ ತೆಗೆಯುವುದು, ಬೊಗಳಿದರೆ ಯಾರಾದರೂ ಎದ್ದು ಬರುತ್ತಾರೆಂಬುದು, ಬೀಗದಕೈ ಸದ್ದಾದರೆ ಮನೆಯವರು ಬಿಟ್ಟುಹೋಗುತ್ತಾರೆಂಬುದು.

ಇಂಥ ಮನೆಯವರಿಗೆ ಸಿಗುವ ಮೊದಲ ಸಲಹೆ, ಚೆನ್ನಾಗಿ ಓಡಿಸಿ, ದಣಿಸಿ ಎಂಬುದು. ಬರಿಯ ಓಟದಿಂದ ಸಮಸ್ಯೆ ಬಗೆಹರಿಯುವುದನ್ನು ನಾನು ಕಂಡಿಲ್ಲ. ಗಂಟೆಗಟ್ಟಲೆ ಚೆಂಡು ಎಸೆದರೆ ನಾಯಿಯ ಮೈ ಇನ್ನಷ್ಟು ಗಟ್ಟಿಯಾಗಿ ನಾಳೆ ಇನ್ನೂ ಹೆಚ್ಚು ಹೊತ್ತು ಬೇಕೆನ್ನುತ್ತದೆ, ಚೆಂಡಿನ ಗೀಳು ಮಾತ್ರ ಬೆಳೆಯುತ್ತದೆ. ಮೂಸಿ ಹುಡುಕುವ ಆಟ, ಸಣ್ಣ ಸಣ್ಣ ಪಾಠಗಳು, ಕೀಲಿ ಎಲ್ಲಿದೆ ಎಂದು ಹುಡುಕಿ ತರುವಂಥ ಮನೆಗೆಲಸ ಇವುಗಳ ಜೊತೆಗೆ ಸುಮ್ಮನೆ ಮಲಗುವುದನ್ನೂ ಪಾಠವಾಗಿ ಕಲಿಸಬೇಕಾಗುತ್ತದೆ. ಲೇಸರ್ ದೀಪದ ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸಿ ನಾಯಿಯನ್ನು ಆಡಿಸುವವರು ದಯವಿಟ್ಟು ನಿಲ್ಲಿಸಲಿ. ಎಂದೂ ಕೈಗೆ ಸಿಗದ ಆ ಚುಕ್ಕೆಯ ಹಿಂದೆ ಓಡಿ, ಕ್ರಮೇಣ ನೆರಳು, ಕೈಗಡಿಯಾರದ ಹೊಳಪು, ಕಾರಿನ ಬೆಳಕು ಯಾವುದನ್ನು ಕಂಡರೂ ಊಟ ಬಿಟ್ಟು ಅದನ್ನೇ ದಿಟ್ಟಿಸಿಕೊಂಡು ಕೂರುವ ನಾಯಿಗಳನ್ನು ಆ ಗೀಳಿನಿಂದ ಬಿಡಿಸುವುದು ಬಹಳ ಕಷ್ಟ.

ಹಿಂಡು ಕಾಯುವ ತಳಿಗಳೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್ ಮತ್ತು ಕಾರ್ಗಿಗಳು ದನದ ಹಿಮ್ಮಡಿ ಕಚ್ಚಿ ನಡೆಸುವಂಥವು, ಆದ್ದರಿಂದ ಚಿವುಟುವ ಚಟ ಅವುಗಳಲ್ಲಿ ಹೆಚ್ಚು. ಜರ್ಮನ್ ಷೆಪರ್ಡ್ ಮೇಯುವ ಹಿಂಡಿನ ಅಂಚಿನಲ್ಲಿ ಅತ್ತಿತ್ತ ನಡೆದು ಬೇಲಿಯಂತೆ ಕಾಯಲು ಬೆಳೆಸಿದ ನಾಯಿ. ಅದರ ತೊಡಕುಗಳು ಬೇರೆ. ಉದ್ದ ಕೂದಲಿನ ಕೋಲಿ ಮತ್ತು ಶೆಟ್ಲ್ಯಾಂಡ್ ಕುರಿನಾಯಿಗಳು ಬಹುಕಾಲದಿಂದ ಮನೆಯ ಸಂಗಾತಿಯಾಗಿಯೇ ಬೆಳೆದು ಬಂದಿರುವುದರಿಂದ ಬೊಗಳುವ ಕಾಟವೊಂದನ್ನು ಸಹಿಸಿಕೊಂಡರೆ ಸಂಸಾರಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಪೊಲೀಸ್ ಮತ್ತು ಸೇನೆಯ ಕೆಲಸಕ್ಕೆ ಬಳಸುವ ಬೆಲ್ಜಿಯನ್ ಮಲಿನ್ವಾವನ್ನು ಮೊದಲ ನಾಯಿಯಾಗಿ ತರುವ ಯೋಚನೆಯಿರುವವರಿಗೆ ಬೇಡ ಎಂಬ ಒಂದೇ ಮಾತು ಸಾಕು.

ಆರೋಗ್ಯದ ಎರಡು ಸಂಗತಿಗಳನ್ನು ಲೇಖನ ಹೇಳಲೇಬೇಕಿತ್ತು. ಕೋಲಿಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ, ಆಸ್ಟ್ರೇಲಿಯನ್ ಷೆಪರ್ಡ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಎಂಡಿಆರ್1 ಎಂಬ ವಂಶವಾಹಿಯ ದೋಷವಿರುತ್ತದೆ. ಬಾರ್ಡರ್ ಕೋಲಿಯಲ್ಲಿ ಇದು ವಿರಳ. ಮಿದುಳಿನೊಳಗೆ ಔಷಧ ಸೇರದಂತೆ ಹೊರಕ್ಕೆ ತಳ್ಳುವ ವ್ಯವಸ್ಥೆ ಈ ದೋಷವಿರುವ ನಾಯಿಗಳಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಕಜ್ಜಿಗೆ ಕೊಡುವ ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್‌ನಿಂದಲೂ, ಮನೆಯಲ್ಲಿ ಭೇದಿಗೆಂದು ನುಂಗಿಸುವ ಲೋಪರಮೈಡ್ ಮಾತ್ರೆಯಿಂದಲೂ ಅವು ತತ್ತರಿಸಿ, ನಡುಗಿ, ಪ್ರಜ್ಞೆ ತಪ್ಪಿ ಸಾಯುವ ಅಪಾಯವಿದೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಮಾಡುವ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು. ಇನ್ನೊಂದು, ಲೇಖನದ ಜೊತೆಯ ಚಿತ್ರದಲ್ಲಿ ಮೆಚ್ಚಿ ತೋರಿಸಿರುವ ಮರ್ಲ್ ಬಣ್ಣದ ಮಾತು. ಬೂದುನೀಲಿಯ ಮೇಲೆ ಕಪ್ಪು ಮಚ್ಚೆ ಚೆಲ್ಲಿದಂತಿರುವ ಆ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಎರಡೂ ಕಡೆಯಿಂದ ಆ ವಂಶವಾಹಿ ಪಡೆದು ಹುಟ್ಟುತ್ತದೆ. ಅಂಥವುಗಳಲ್ಲಿ ಕುರುಡು, ಕಿವುಡು ಸಾಮಾನ್ಯ. ಬಣ್ಣಕ್ಕೆ ಬೇಡಿಕೆ ಹೆಚ್ಚಿದಷ್ಟೂ ಇಂಥ ಕೂಡಿಕೆಗಳು ಹೆಚ್ಚುತ್ತವೆ ಎಂಬುದನ್ನು ಪತ್ರಿಕೆ ಗಮನಿಸಬೇಕು.

ಇಷ್ಟಾದರೂ ಈ ನಾಯಿ ಬೇಕೆನ್ನುವ ಸಂಸಾರಗಳಿಗೆ ನಾನು ಬಾಗಿಲು ಮುಚ್ಚುವವನಲ್ಲ. ಹಗಲು ಹೊತ್ತು ಮನೆಯಲ್ಲಿರುವ, ನಾಯಿಗೆ ಕಲಿಸುವುದನ್ನೇ ಹವ್ಯಾಸವಾಗಿ ಇಷ್ಟಪಡುವ ವಯಸ್ಕರೊಬ್ಬರಿದ್ದು, ಮಕ್ಕಳು ಮಾತು ಕೇಳುವಷ್ಟು ದೊಡ್ಡವರಾಗಿದ್ದರೆ ಬಾರ್ಡರ್ ಕೋಲಿಯಂಥ ಒಡನಾಡಿ ಸಿಗುವುದು ಕಷ್ಟ. ಅಂಥವರು ಮರಿಗಿಂತ ಮೂರ್ನಾಲ್ಕು ವರ್ಷದ, ಸ್ವಭಾವ ತಿಳಿದಿರುವ ನಾಯಿಯನ್ನು ಆರಿಸಿಕೊಳ್ಳುವುದು ಲೇಸು. ಕುರಿ ಕಾಯುವ ಕೆಲಸದಲ್ಲಿ ಉತ್ಸಾಹವಿಲ್ಲವೆಂದು ಹೊರಗುಳಿದ ನಾಯಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಕುರುಬನಿಗೆ ಕೊರತೆಯಾಗಿ ಕಂಡದ್ದು ಸಂಸಾರಕ್ಕೆ ಅನುಕೂಲವಾಗುತ್ತದೆ. ಮರಿಯನ್ನೇ ತರುವುದಾದರೆ ಅದರ ತಾಯಿಯನ್ನು ಕಣ್ಣಾರೆ ನೋಡಿ, ತಾಯಿತಂದೆಗಳು ಹಿಂಡಿನ ಕೆಲಸ ಮಾಡುವವೋ, ಪ್ರದರ್ಶನದವೋ, ಮನೆಯಲ್ಲೇ ಇರುವವೋ ಎಂದು ವಿಚಾರಿಸಿ, ಸೊಂಟದ ಕೀಲಿನ ಎಕ್ಸ್‌ರೇ ಮತ್ತು ಕಣ್ಣಿನ ತಪಾಸಣೆಯ ವರದಿ ಕೇಳಬೇಕು. ಮುಂದಿನ ಸಲ ತಳಿಗಳ ಪಟ್ಟಿ ಪ್ರಕಟಿಸುವಾಗ ಪ್ರತಿ ತಳಿಯ ಚಿತ್ರದ ಕೆಳಗೆ, ಅದನ್ನು ಯಾವ ಕೆಲಸಕ್ಕೆ ಬೆಳೆಸಲಾಯಿತು ಮತ್ತು ದಿನಕ್ಕೆ ಎಷ್ಟು ಹೊತ್ತು ಅದರ ಜೊತೆ ಇರಬೇಕಾಗುತ್ತದೆ ಎಂಬ ಎರಡು ಸಾಲುಗಳನ್ನು ಸೇರಿಸಬೇಕೆಂದು ಪುರವಣಿಯ ಸಂಪಾದಕೀಯ ಬಳಗವನ್ನು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಪಶುವೈದ್ಯ