ಅರಿಕಮೇಡಿನ ಪದರ, ಬ್ರಹ್ಮಗಿರಿಯ ಕಾಲ

ಮಾನ್ಯ ಸಂಪಾದಕರೇ,

ಪುದುಚೇರಿ ಬಳಿಯ ಪ್ರಾಚೀನ ಬಂದರು ಪಟ್ಟಣ ಅರಿಕಮೇಡು ಉಳಿಯಬೇಕೆಂದು ಚಿತ್ರದುರ್ಗದವರು ಬರೆಯಲು ಕಾರಣವಿದೆ. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಇಟಲಿಯ ಕೆಂಪು ಮಡಕೆಯ ಜತೆಗೆ ತೆಳುವಾದ ತಟ್ಟೆಯ ಚೂರುಗಳನ್ನು ಕಂಡರು. ತಟ್ಟೆಯ ಒಳತಳದಲ್ಲಿ ಹಲ್ಲಿನ ಚಕ್ರ ಉರುಳಿಸಿ ಒತ್ತಿದಂತಹ ಸಣ್ಣ ಗೀರುಗಳ ಸುತ್ತು. ರೋಮನ್ ಸರಕಿನಿಂದ ಆ ತಟ್ಟೆಯ ಕಾಲ ಗೊತ್ತಾಯಿತು. 1947ರಲ್ಲಿ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಪ್ರಾಚೀನ ನೆಲೆ ಬ್ರಹ್ಮಗಿರಿಯಲ್ಲೂ ಅಂಥದೇ ತಟ್ಟೆ ಸಿಕ್ಕಿತು, ಅದರ ನೆರವಿನಿಂದಲೇ ಅಲ್ಲಿನ ಮಣ್ಣಿನ ಪದರಗಳಿಗೆ ಕಾಲ ನಿಗದಿಯಾಯಿತು.

ಚೂರಿಗಿಂತ ಅದು ಸಿಕ್ಕ ಪದರ ಮುಖ್ಯ. ಜೆಸಿಬಿ ಒಮ್ಮೆ ಬಕೆಟ್ ಎತ್ತಿದರೆ ಸಾಕು, ಮೇಲಿನದು ಕೆಳಗಿನದು ಕಲಸಿಹೋಗುತ್ತದೆ. ಆಮೇಲೆ ಚೂರು ಆರಿಸಿ ಮ್ಯೂಸಿಯಂನಲ್ಲಿಟ್ಟರೂ ಅದು ಬರೀ ಬೋಕಿ. ಕಟ್ಟಡವೇ ಆಗಬೇಕೆಂದಿಲ್ಲ, ಪಾಯಖಾನೆ ಗುಂಡಿ, ಕಾಂಪೌಂಡಿನ ತಳಪಾಯ, ಸಸಿಯ ಗುಂಡಿಯೂ ಇದೇ ಕೆಲಸ ಮಾಡುತ್ತವೆ.

ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಾದ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಕಟ್ಟಡ ನಿಷೇಧ, ಅದರಾಚೆಗಿನ 200 ಮೀಟರಿಗೆ ಅನುಮತಿ ಬೇಕು. ಆದರೆ ಸರ್ವೆ ನಂಬರಿನ ಗಡಿಯೇ ಹಳೆಯ ಪಟ್ಟಣದ ಗಡಿಯಲ್ಲ. ಸುತ್ತಲಿನ ಜಾಗದಲ್ಲಿ 20 ಮೀಟರಿಗೊಂದರಂತೆ ಕೈಬೈರಿಗೆಯಿಂದ ಮಣ್ಣು ತೆಗೆದು, ಇಟ್ಟಿಗೆಪುಡಿ, ಬೂದಿ, ಮಣಿ ಸಿಗುವ ಕಡೆಯೆಲ್ಲ ಗಡಿಕಲ್ಲು ನೆಡಬೇಕು.

ಅರಿಕಮೇಡಿನ ಪಕ್ಕದ ನದಿಯ ಕೊರೆತಕ್ಕೆ ಕಾಂಕ್ರೀಟ್ ಗೋಡೆ ಬೇಡ. ಅದರ ಪಾಯವೇ ಪದರ ಸೀಳುತ್ತದೆ, ಗೋಡೆ ಮುಗಿದಲ್ಲಿ ನೀರು ಇನ್ನಷ್ಟು ಕೊರೆಯುತ್ತದೆ. ದಂಡೆಯ ಬುಡಕ್ಕೆ ಮರಳು ತುಂಬಿದ ಜಿಯೋ ಚೀಲ (ಗಟ್ಟಿ ಬಟ್ಟೆಯ ಚೀಲ), ಮುಂದಿನ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಸಾಕು.

– ಇತಿಹಾಸಾಸಕ್ತ ಓದುಗರು, ಚಿತ್ರದುರ್ಗ